ಅಂಕಸಮುದ್ರದ ಜಾಲಿ ಮರಗಳು

ಹಗರಿಬೊಮ್ಮನಹಳ್ಳಿ ತಾಲ್ಲೂಕಿನ ಅಂಕಸಮುದ್ರ. ಹೊಲಗದ್ದೆಗೆ ನೀರುಣಿಸಲು ಹಿರಿಯರು ಕಟ್ಟಿದ ಕೆರೆ. 2024ರ ಜನವರಿಯಲ್ಲಿ ಇದು ರಾಮ್ಸರ್ ಪಟ್ಟಿ ಸೇರಿತು, ಅಂದರೆ ಜಗತ್ತೇ ಗುರುತಿಸಿದ ಜೌಗುತಾಣ. ವಿಸ್ತೀರ್ಣ 98.76 ಹೆಕ್ಟೇರ್, ಅಷ್ಟೇ!

ನೀರಲ್ಲೇ ನಿಂತ ಆ ಕರಿಜಾಲಿ ಮರಗಳನ್ನ ನೋಡಿ. ನಾವು ಬರೀ ಮುಳ್ಳು ಅಂತ ಕಡಿದು ಒಲೆಗೆ ಹಾಕೋ ಮರ. ಸುತ್ತ ನೀರು, ಮೇಲೆ ಮುಳ್ಳು, ಶತ್ರು ಸುಳಿಯೋದು ಕಷ್ಟ. ಅದಕ್ಕೇ ಬಣ್ಣದ ಕೊಕ್ಕರೆ ಇಲ್ಲಿ ಗೂಡು ಕಟ್ಟುತ್ತೆ. ಅದು ಮೀನು ಹಿಡಿಯೋ ಚೆಂದ ನೋಡಬೇಕು: ಅರೆತೆರೆದ ಕೊಕ್ಕನ್ನ ಕೆಸರು ನೀರಲ್ಲಿ ಆಡಿಸುತ್ತೆ, ಮೀನು ತಾಗಿದ್ದೇ ತಡ, ಟಪ್ಪನೆ ಮುಚ್ಚುತ್ತೆ.

ಕೂಡ್ಲಿಗಿ, ಕೊಟ್ಟೂರು, ಹಡಗಲಿ, ಹರಪನಹಳ್ಳಿಯವರೇ, ಒಂದು ಭಾನುವಾರ ಮಕ್ಕಳನ್ನ ಕರ್ಕೊಂಡು ಬೆಳಿಗ್ಗೆ ಬೇಗ ಬನ್ನಿ. ಏರಿ ಮೇಲೆ ಸದ್ದು ಮಾಡದೆ ನಿಲ್ಲಿ. ಡ್ರೋನ್ ಮಾತ್ರ ಬೇಡ. ತಾಯಿ ಹಕ್ಕಿ ಬೆದರಿ ಎದ್ದರೆ ಗೂಡಿನ ಮರಿಗೆ ನೆರಳಿರಲ್ಲ.