ಒಂದೇ ಚೀಲ ಎರಡು ಬೆಳೆಗೆ ಸಲ್ಲದು: ಅಲಸಂದೆಗೆ ಬೇಕಾದ ಗೊಬ್ಬರ



ಹೆಮ್ಮರಗಾಲದ ಸುತ್ತಮುತ್ತ ಭರಣಿ, ಕೃತ್ತಿಕೆ ಮಳೆಗೆ ಅಲಸಂದೆ, ಹೆಸರು, ಉದ್ದು ಬಿತ್ತುವುದು ವಾಡಿಕೆ. ಹೊಸದಾಗಿ ಅಡಿಕೆ ತೋಟ ಕಟ್ಟುವವರೂ ಸಸಿಗಳು ನೆರಳು ಕಟ್ಟುವವರೆಗೆ ಸಾಲುಗಳ ನಡುವೆ ಅಲಸಂದೆ ಹಾಕಿಕೊಳ್ಳಬಹುದು. ಮನೆಗೆ ಕಾಳಾಯಿತು, ತೋಟಕ್ಕೆ ಸೊಪ್ಪಾಯಿತು. ಆದರೆ ಅಡಿಕೆಗೆಂದು ತಂದು ಉಳಿದ ಯೂರಿಯಾವನ್ನು ಇದಕ್ಕೂ ಎರಚಿದರೆ ಬಳ್ಳಿ ಕಡು ಹಸಿರಾಗಿ ಹಬ್ಬುತ್ತದೆ, ಹೇನು ಮುತ್ತುತ್ತದೆ, ಕಾಯಿ ಮಾತ್ರ ಕಡಿಮೆ. ಆಗ ಬೀಜವನ್ನು ದೂರುವುದುಂಟು. ತಪ್ಪು ಬೀಜದ್ದಲ್ಲ, ಗೊಬ್ಬರದ್ದು.

ಕಾರಣ ಇಷ್ಟೆ. ದ್ವಿದಳ ಧಾನ್ಯದ ಬೇರಿನಲ್ಲಿ ಗಂಟುಗಳಿರುತ್ತವೆ. ಅವುಗಳಲ್ಲಿ ವಾಸಿಸುವ ರೈಜೋಬಿಯಂ ಎಂಬ ಅಣುಜೀವಿಗಳು ಗಾಳಿಯ ಸಾರಜನಕವನ್ನು ಹಿಡಿದು ಗಿಡಕ್ಕೆ ಒದಗಿಸುತ್ತವೆ. ಈ ಅಣುಜೀವಿಯನ್ನು 1888ರಲ್ಲಿ ಹಾಲೆಂಡಿನ ವಿಜ್ಞಾನಿ ಬೈಜರಿಂಕ್ ಬೇರ್ಪಡಿಸಿ ತೋರಿಸಿದರು. ಅದು ಪುಕ್ಕಟೆ ದುಡಿಯುವುದಿಲ್ಲ. ಗಿಡ ತನ್ನ ಎಲೆಯಲ್ಲಿ ತಯಾರಾದ ಸಕ್ಕರೆಯನ್ನು ಅದಕ್ಕೆ ಕೂಲಿಯಾಗಿ ಕೊಡಬೇಕು. ಮಣ್ಣಿನಲ್ಲಿ ಸಾರಜನಕ ಧಾರಾಳವಾಗಿ ಸಿಕ್ಕಿದರೆ ಗಿಡ ಈ ಕೂಲಿಯನ್ನು ನಿಲ್ಲಿಸುತ್ತದೆ, ಗಂಟು ಕಟ್ಟುವುದು ಕುಂಠಿತವಾಗುತ್ತದೆ. ಗಾಳಿಯಿಂದ ಬರುವುದನ್ನು ನಾವೇ ಹಣ ಕೊಟ್ಟು ತಡೆದಂತಾಯಿತು. ಹಾಗೆಂದು ಸಾರಜನಕ ಬೇಡವೇ ಬೇಡ ಎಂದಲ್ಲ. ಗಂಟುಗಳು ಕೆಲಸ ಹಿಡಿಯಲು ಎರಡು ಮೂರು ವಾರ ಬೇಕು. ಅಲ್ಲಿಯವರೆಗೆ ಸ್ವಲ್ಪ ಆಸರೆ ಸಾಕು.

ಇಳುವರಿಗೆ ನಿಜವಾದ ಬಲ ರಂಜಕದಿಂದ. ಬೇರು ಇಳಿಯಲು, ಗಂಟು ಕಟ್ಟಲು, ಸಾರಜನಕ ಹಿಡಿಯುವ ಕೆಲಸಕ್ಕೆ ಶಕ್ತಿ ಒದಗಿಸಲು ರಂಜಕ ಅಗತ್ಯ. ಪೊಟ್ಯಾಷ್ ಕಾಳು ತುಂಬಲು ಮತ್ತು ಬರ ತಡೆಯಲು ನೆರವಾಗುತ್ತದೆ. ಕಾಳಿನ ಸಸಾರಜನಕಕ್ಕೆ ಗಂಧಕವೂ ಬೇಕು.

ಎರಡು ಬೆಳೆಗಳ ಶಿಫಾರಸನ್ನು ಹೋಲಿಸಿ ನೋಡಿ. ಫಸಲು ಕೊಡುವ ಅಡಿಕೆ ಮರಕ್ಕೆ ವರ್ಷಕ್ಕೆ ಸಾರಜನಕ 100, ರಂಜಕ 40, ಪೊಟ್ಯಾಷ್ 140 ಗ್ರಾಂ. ಅಲಸಂದೆಗೆ ಎಕರೆಗೆ ಸಾರಜನಕ 10, ರಂಜಕ 20, ಪೊಟ್ಯಾಷ್ 10 ಕಿಲೋ. ಒಂದರಲ್ಲಿ ರಂಜಕ ಎಲ್ಲಕ್ಕಿಂತ ಕಡಿಮೆ, ಇನ್ನೊಂದರಲ್ಲಿ ಎಲ್ಲಕ್ಕಿಂತ ಹೆಚ್ಚು. ಒಂದೇ ಚೀಲ ಎರಡಕ್ಕೂ ಸಲ್ಲುವುದು ಹೇಗೆ?

ಅಲಸಂದೆಯ ಈ ಪ್ರಮಾಣಕ್ಕೆ ಎಕರೆಗೆ ಸೂಪರ್ ಫಾಸ್ಫೇಟ್ 125 ಕಿಲೋ, ಯೂರಿಯಾ 22 ಕಿಲೋ, ಮ್ಯೂರಿಯೇಟ್ ಆಫ್ ಪೊಟ್ಯಾಷ್ 17 ಕಿಲೋ ಬೇಕು. ಯೂರಿಯಾ ಈಗಿನ 45 ಕಿಲೋ ಚೀಲದಲ್ಲಿ ಅರ್ಧ ಮಾತ್ರ ಎಂಬುದನ್ನು ಗಮನಿಸಿ. ಡಿಎಪಿ ಬಳಸುವುದಾದರೆ 44 ಕಿಲೋ ಸಾಕು. ಅದರಲ್ಲೇ 8 ಕಿಲೋ ಸಾರಜನಕ ಇರುವುದರಿಂದ ಯೂರಿಯಾ ಸೇರಿಸಬೇಕಾಗಿಲ್ಲ. ಆದರೆ ಡಿಎಪಿಯಲ್ಲಿ ಗಂಧಕವಿಲ್ಲ, ಸೂಪರ್ ಫಾಸ್ಫೇಟಿನಲ್ಲಿ ಇದೆ. ಇದು ಪೂರ್ತಿ ಎಕರೆಯ ಲೆಕ್ಕ. ಅಡಿಕೆಯ ನಡುವೆ ಅರ್ಧ ನೆಲದಲ್ಲಿ ಮಾತ್ರ ಬಿತ್ತಿದ್ದರೆ ಗೊಬ್ಬರವೂ ಅರ್ಧವೇ. ಅಡಿಕೆ ಸಸಿಯ ಪಾಲನ್ನು ಅದರ ಬುಡಕ್ಕೆ ಬೇರೆಯಾಗಿ ಕೊಡಬೇಕು.

ರಂಜಕವನ್ನು ಮೇಲೆ ಎರಚಬೇಡಿ. ಹುಳಿ ಮಣ್ಣಿನಲ್ಲಿ ಕಬ್ಬಿಣ, ಅಲ್ಯೂಮಿನಿಯಂ ಅದನ್ನು ಹಿಡಿದಿಡುತ್ತವೆ. ಸುಣ್ಣದಂಶವಿರುವ ಎರೆಮಣ್ಣಿನಲ್ಲಿ ಸುಣ್ಣ ಹಿಡಿದಿಡುತ್ತದೆ. ಬಿತ್ತುವಾಗಲೇ ಸಾಲಿನಲ್ಲಿ, ಬೀಜಕ್ಕೆ ತಗಲದಂತೆ ಎರಡು ಅಂಗುಲ ಪಕ್ಕಕ್ಕೆ ಬೀಳುವಂತೆ ಹಾಕಿ. ಎಕರೆಯ ಬೀಜಕ್ಕೆ 200 ಗ್ರಾಂ ರೈಜೋಬಿಯಂ ಪುಡಿಯನ್ನು ಬೆಲ್ಲದ ಅಂಟಿನಲ್ಲಿ ಲೇಪಿಸಿ, ನೆರಳಿನಲ್ಲಿ ಆರಿಸಿ, ಅಂದೇ ಬಿತ್ತಿ. ಪೊಟ್ಟಣದ ಮೇಲಿನ ಅವಧಿ ಮೀರಿರಬಾರದು.

ಕಾಫಿ ತೋಟದವರಿಗೂ ಒಂದು ಮಾತು. ನಿಮ್ಮ ಹಾಲುವಾಣವೂ ಇದೇ ಕುಲದ ಮರ, ಅದರ ಬೇರಿನಲ್ಲೂ ಗಂಟುಗಳಿವೆ. ಮಣ್ಣು ತೀರ ಹುಳಿಯಾದರೆ ಗಂಟಿಗೆ ಅವಶ್ಯವಾದ ಮಾಲಿಬ್ಡಿನಂ ಎಂಬ ಸೂಕ್ಷ್ಮ ಪೋಷಕಾಂಶ ಸಿಕ್ಕುವುದಿಲ್ಲ. ಅಂಥ ಕಡೆ ಮಣ್ಣು ಪರೀಕ್ಷೆಯ ಪ್ರಕಾರ ಸುಣ್ಣ ಹಾಕುವುದೇ ಮೊದಲ ಗೊಬ್ಬರ. ಶಿಲಾರಂಜಕ ಸಲ್ಲುವುದು ಹುಳಿ ಮಣ್ಣಿಗೆ. ಹೆಮ್ಮರಗಾಲದ ಕಡೆಯ ಎರೆಗೆ ಹಾಕಿದರೆ ಹಣ ದಂಡ.

ಗೊಬ್ಬರ ಸರಿಹೋಯಿತೇ ಎಂಬುದನ್ನು ನೀವೇ ಪರೀಕ್ಷಿಸಬಹುದು. ಬಿತ್ತಿದ ಮೂವತ್ತೈದನೆಯ ದಿನದ ಹೊತ್ತಿಗೆ ನಾಲ್ಕಾರು ಗಿಡಗಳನ್ನು ಕೀಳದೆ, ಮಣ್ಣುಸಹಿತ ಅಗೆದು ತೆಗೆಯಿರಿ. ಬೇರನ್ನು ನೀರಿನಲ್ಲಿ ಅದ್ದಿ ತೊಳೆದು, ಗಂಟನ್ನು ಉಗುರಿನಿಂದ ಸೀಳಿ ನೋಡಿ. ಒಳಗೆ ನಸುಗೆಂಪಿದ್ದರೆ ಅದು ದುಡಿಯುತ್ತಿದೆ. ಬಿಳಿ ಅಥವಾ ಬೂದುಬಣ್ಣವಿದ್ದರೆ, ಇಲ್ಲವೆ ಗಂಟೇ ಇಲ್ಲದಿದ್ದರೆ, ಮುಂದಿನ ವರ್ಷ ಯೂರಿಯಾ ತಗ್ಗಿಸಿ, ರಂಜಕವನ್ನೂ ಅಣುಜೀವಿ ಲೇಪನವನ್ನೂ ಸರಿಪಡಿಸಿಕೊಳ್ಳಬೇಕು.

ಬಿತ್ತನೆಗೆ ಮೊದಲು ಮಣ್ಣು ಪರೀಕ್ಷೆ ಮಾಡಿಸಿಕೊಳ್ಳಿ. ನಮ್ಮ ತಾಲ್ಲೂಕಿನಲ್ಲೇ ಸುತ್ತೂರಿನ ಕೃಷಿ ವಿಜ್ಞಾನ ಕೇಂದ್ರವಿದೆ; ಅಲ್ಲಿ ಸಲಹೆ ಕೇಳಬಹುದು. ಕಾಯಿ ಕಿತ್ತ ಮೇಲೆ ಬಳ್ಳಿಯನ್ನು ಸುಡದೆ ಅಡಿಕೆಯ ಬುಡಕ್ಕೆ ಹಾಕಿ ಮುಚ್ಚಿ. ಅಲಸಂದೆ ಗಾಳಿಯಿಂದ ಗಳಿಸಿದ್ದರಲ್ಲಿ ಒಂದು ಪಾಲು ಹೀಗೆ ತೋಟಕ್ಕೆ ಸೇರುತ್ತದೆ.