ಬೀಜ ಕಾಯ್ದ ಕೃಷಿಕ ಮಹಿಳೆ: ರಾಹಿಬಾಯಿ ಪೋಪೆರೆ

ಬಿತ್ತನೆ, ನಾಟಿ, ಕಳೆ ತೆಗೆಯುವುದು, ಕೊಯ್ಲು, ಒಕ್ಕಣೆ, ಕಾಳುಕಡಿಗಳ ಸಂಗ್ರಹಣೆ ಹೀಗೆ ನಮ್ಮ ದೇಶದ ಬೇಸಾಯದ ಪ್ರತಿಯೊಂದು ಹಂತದಲ್ಲಿಯೂ ಮಹಿಳೆಯರ ದುಡಿಮೆ ಇದೆ. ಆದರೂ 2015-16ನೇ ಸಾಲಿನ ಕೃಷಿ ಗಣತಿಯ ಪ್ರಕಾರ ಮಹಿಳೆಯರ ನಿರ್ವಹಣೆಯಲ್ಲಿರುವ ಹಿಡುವಳಿಗಳು ನೂರಕ್ಕೆ ಸುಮಾರು 14 ಮಾತ್ರ. ಹೊಲದಲ್ಲಿ ದುಡಿಯುವ ಹೆಣ್ಣುಮಗಳನ್ನು ಸಮಾಜವು ರೈತನ ಹೆಂಡತಿ ಅಥವಾ ಮಗಳು ಎಂದು ಗುರುತಿಸುತ್ತದೆಯೇ ಹೊರತು ರೈತಳೆಂದು ಗುರುತಿಸುವುದು ಅಪರೂಪ. ಹಿಡುವಳಿಯ ಲೆಕ್ಕದಲ್ಲಿ ಕಾಣದ ಅವಳ ತಿಳಿವಳಿಕೆ ಯಾವ ದಾಖಲೆಯಲ್ಲಿಯೂ ಸೇರುವುದಿಲ್ಲ. ಇಂತಹ ತಿಳಿವಳಿಕೆಯಲ್ಲಿ ಬೀಜದ ಜ್ಞಾನ ಮುಖ್ಯವಾದುದು. ಶಾಲೆಯ ಮೆಟ್ಟಿಲು ಹತ್ತದ ಮಹಿಳೆಯೊಬ್ಬರು ಈ ಜ್ಞಾನವನ್ನೇ ತಮ್ಮ ಜೀವನದ ಕಾಯಕವನ್ನಾಗಿ ಮಾಡಿಕೊಂಡು ರಾಷ್ಟ್ರದ ಮನ್ನಣೆಗೆ ಪಾತ್ರರಾದ ಬಗೆಯನ್ನು ಇಲ್ಲಿ ವಿವರಿಸಲಾಗಿದೆ.

ಬಾಲ್ಯ ಮತ್ತು ದುಡಿಮೆ

ಮಹಾರಾಷ್ಟ್ರದ ಅತಿ ಎತ್ತರದ ಶಿಖರವಾದ ಕಳಸೂಬಾಯಿ ಇರುವುದು ಸಹ್ಯಾದ್ರಿಯ ಮಡಿಲಿನ ಅಕೋಲೆ ತಾಲ್ಲೂಕಿನಲ್ಲಿ. ಹಿಂದೆ ಅಹಮದ್‌ನಗರವೆಂದು ಕರೆಯಲಾಗುತ್ತಿದ್ದ ಇಂದಿನ ಅಹಿಲ್ಯಾನಗರ ಜಿಲ್ಲೆಗೆ ಸೇರಿದ ಈ ತಾಲ್ಲೂಕಿನ ಕೋಂಭಾಳಣೆ ಗ್ರಾಮದಲ್ಲಿ 1964ರಲ್ಲಿ ರಾಹಿಬಾಯಿ ಸೋಮಾ ಪೋಪೆರೆ ಜನಿಸಿದರು. ಅವರು ಮಹಾದೇವ ಕೋಳಿ ಎಂಬ ಬುಡಕಟ್ಟು ಸಮುದಾಯಕ್ಕೆ ಸೇರಿದವರು. ಔಪಚಾರಿಕ ಶಿಕ್ಷಣ ಅವರಿಗೆ ದೊರೆಯಲಿಲ್ಲ. ಎಳೆಯ ವಯಸ್ಸಿನಲ್ಲಿಯೇ ಹೊಲದ ಕೆಲಸ ಅವರ ಪಾಲಿಗೆ ಬಂದಿತು.

ಈ ಗುಡ್ಡಗಾಡು ಪ್ರದೇಶದಲ್ಲಿ ಮುಂಗಾರಿನಲ್ಲಿ ಮಳೆ ಧಾರಾಳವಾಗಿ ಸುರಿಯುತ್ತದೆ; ಆದರೆ ಇಳಿಜಾರಿನ ನೆಲದಲ್ಲಿ ನೀರು ನಿಲ್ಲುವುದಿಲ್ಲ. ಮಳೆಗಾಲ ಮುಗಿದ ಮೇಲೆ ಹೊಲಗಳು ಒಣಗಿ ಜನರು ಕೂಲಿ ಅರಸಿಕೊಂಡು ಹೊರಡುವುದು ಇಲ್ಲಿ ಸಾಮಾನ್ಯ. ರಾಹಿಬಾಯಿಯವರ ಕುಟುಂಬವೂ ಮಳೆಗಾಲದಲ್ಲಿ ಬೇಸಾಯ ಮಾಡಿ, ಉಳಿದ ತಿಂಗಳುಗಳಲ್ಲಿ ಸಕ್ಕರೆ ಕಾರ್ಖಾನೆಯ ಕೂಲಿಯನ್ನು ಅವಲಂಬಿಸಿತ್ತು.

ಈ ಸ್ಥಿತಿಯಿಂದ ಹೊರಬರಲು ಅವರು ಮೊದಲು ನೀರಿನತ್ತ ಗಮನ ಹರಿಸಿದರು. ಹರಿದು ಹೋಗುವ ಮಳೆನೀರನ್ನು ಹೊಲದಲ್ಲಿಯೇ ಹಿಡಿದಿಡುವ ಕ್ರಮಗಳನ್ನು ಕೈಗೊಂಡು, ಬೀಳುಬಿದ್ದಿದ್ದ ಎರಡು ಎಕರೆ ಭೂಮಿಯಲ್ಲಿ ತರಕಾರಿ ಬೆಳೆಯತೊಡಗಿದರು. ಮಣಿಭಾಯಿ ದೇಸಾಯಿಯವರು ಪುಣೆಯ ಬಳಿಯ ಉರುಳಿ ಕಾಂಚನದಲ್ಲಿ 1967ರಲ್ಲಿ ಸ್ಥಾಪಿಸಿದ ‘ಬಾಯ್ಫ್’ ಸಂಸ್ಥೆಯ ನೆರವು ಅವರಿಗೆ ಒದಗಿತು. ಹಿತ್ತಲಿನಲ್ಲಿ ಕೋಳಿ ಸಾಕಣೆ, ಸಸಿಮಡಿಗಳ ನಿರ್ವಹಣೆ, ಭತ್ತದ ಸುಧಾರಿತ ಬೇಸಾಯ ಮುಂತಾದವುಗಳನ್ನು ಅವರು ಹಂತ ಹಂತವಾಗಿ ರೂಢಿಸಿಕೊಂಡರು.

ನಾಟಿ ಬೀಜದತ್ತ ಒಲವು

ತಮ್ಮ ಮೊಮ್ಮಗನು ಪದೇ ಪದೇ ಕಾಯಿಲೆ ಬೀಳುತ್ತಿದ್ದುದೇ ತಮ್ಮನ್ನು ಬೀಜದ ಬಗ್ಗೆ ಚಿಂತಿಸುವಂತೆ ಮಾಡಿತೆಂದು ರಾಹಿಬಾಯಿ ಹೇಳಿಕೊಂಡಿದ್ದಾರೆ. ಕೀಟನಾಶಕ ಸಿಂಪಡಿಸಿದ ತರಕಾರಿಯೇ ಇದಕ್ಕೆ ಕಾರಣವೆಂಬುದು ಅವರ ಭಾವನೆಯಾಗಿತ್ತು. ಹಿಂದಿನವರು ಬೆಳೆಯುತ್ತಿದ್ದ ತಳಿಗಳನ್ನು ಅವರು ಹುಡುಕಲಾರಂಭಿಸಿದರು. ಆ ವೇಳೆಗೆ ಅನೇಕ ತಳಿಗಳು ಹೊಲಗಳಿಂದ ಮರೆಯಾಗಿದ್ದವು. ಅಲ್ಲೊಬ್ಬ, ಇಲ್ಲೊಬ್ಬ ವೃದ್ಧೆಯ ಮನೆಯಲ್ಲಿ ಹಿಡಿಯಷ್ಟು ಬೀಜ ಮಾತ್ರ ಉಳಿದಿರುತ್ತಿತ್ತು.

ಹೀಗೆ ಆರಂಭವಾದ ಸಂಗ್ರಹ ಕ್ರಮೇಣ ಮನೆಯ ಬೀಜ ಬ್ಯಾಂಕಾಗಿ ಬೆಳೆಯಿತು. ಭತ್ತ, ಅವರೆ, ಸೊಪ್ಪು, ತರಕಾರಿಗಳೂ ಸೇರಿದಂತೆ 17 ಬೆಳೆಗಳ 43 ನಾಟಿ ತಳಿಗಳನ್ನು ಅವರು ಸಂರಕ್ಷಿಸಿದ್ದು ದಾಖಲಾಗಿದೆ. ಅವರು ಬೀಜವನ್ನು ಮನೆಯಲ್ಲಿ ಮುಚ್ಚಿಡಲಿಲ್ಲ. ಸ್ವಸಹಾಯ ಗುಂಪುಗಳ ಮಹಿಳೆಯರಿಗೆ ಬೀಜ ಮತ್ತು ಸಸಿಗಳನ್ನು ಹಂಚಿ, ಬೀಜದ ಆಯ್ಕೆ, ಮಣ್ಣಿನ ಫಲವತ್ತತೆ, ಕೀಟ ನಿಯಂತ್ರಣಗಳ ಬಗ್ಗೆ ರೈತರಿಗೂ ವಿದ್ಯಾರ್ಥಿಗಳಿಗೂ ತರಬೇತಿ ನೀಡತೊಡಗಿದರು. ಖ್ಯಾತ ವಿಜ್ಞಾನಿ ಡಾ. ರಘುನಾಥ ಮಾಶೇಲ್ಕರ್ ಅವರು ಇವರನ್ನು ‘ಬೀಜಮಾತೆ’ ಎಂದು ಕರೆದರು. 2018ನೇ ಸಾಲಿನ ನಾರೀಶಕ್ತಿ ಪುರಸ್ಕಾರ ಹಾಗೂ 2020ನೇ ಸಾಲಿನ ಪದ್ಮಶ್ರೀ ಪ್ರಶಸ್ತಿಗಳು ಅವರಿಗೆ ಸಂದಿವೆ.

ಅದೇ 2020ನೇ ಸಾಲಿನ ಪದ್ಮಶ್ರೀ ಪಟ್ಟಿಯಲ್ಲಿ ಉತ್ತರ ಕನ್ನಡ ಜಿಲ್ಲೆಯ ಅಂಕೋಲಾ ತಾಲ್ಲೂಕಿನ ಹೊನ್ನಳ್ಳಿಯ ತುಳಸಿ ಗೌಡ ಅವರ ಹೆಸರೂ ಇದ್ದುದು ಕನ್ನಡಿಗರಿಗೆ ಹೆಮ್ಮೆಯ ಸಂಗತಿ. ಹಾಲಕ್ಕಿ ಸಮುದಾಯದ ಅವರು ಅರಣ್ಯ ಇಲಾಖೆಯ ಸಸ್ಯಕ್ಷೇತ್ರದಲ್ಲಿ ದಶಕಗಳ ಕಾಲ ದುಡಿದು, ಉತ್ತಮ ಮರದಿಂದ ಬೀಜ ಆರಿಸುವುದರಲ್ಲಿ ಪರಿಣತಿ ಪಡೆದಿದ್ದರು. 2024ರ ಡಿಸೆಂಬರಿನಲ್ಲಿ ಅವರು ನಿಧನರಾದರು. ಇಬ್ಬರೂ ಓದು ಬರಹ ಕಲಿತವರಲ್ಲ. ಇಬ್ಬರ ವಿದ್ಯೆಯೂ ಬೀಜದ್ದೇ.

ನಾಟಿ ತಳಿಯ ಮಹತ್ವ

ತಲೆಮಾರುಗಳ ಕಾಲ ಒಂದು ಪ್ರದೇಶದ ಮಣ್ಣು, ಮಳೆ, ಕೀಟಗಳಿಗೆ ಒಗ್ಗಿಕೊಂಡು ರೈತರ ಆಯ್ಕೆಯಿಂದ ರೂಪುಗೊಂಡ ತಳಿಯೇ ನಾಟಿ ತಳಿ. ಅದರ ಗಿಡಗಳೆಲ್ಲ ಒಂದೇ ತೆರನಾಗಿರುವುದಿಲ್ಲ. ಈ ವೈವಿಧ್ಯದ ಕಾರಣದಿಂದಲೇ ಮಳೆ ತಡವಾದರೂ ರೋಗ ತಗುಲಿದರೂ ಕೆಲವು ಗಿಡಗಳಾದರೂ ಉಳಿಯುವ ಸಂಭವವಿರುತ್ತದೆ. ಹೊಸ ತಳಿಗಳನ್ನು ರೂಪಿಸುವ ವಿಜ್ಞಾನಿಗಳು ರೋಗನಿರೋಧಕ ಗುಣಗಳಿಗಾಗಿ ಹುಡುಕುವುದೂ ಇಂತಹ ತಳಿಗಳನ್ನೇ.

ಹೈಬ್ರಿಡ್ ತಳಿಗಳು ಹೆಚ್ಚಿನ ಇಳುವರಿ ನೀಡಬಲ್ಲವು. ಆದರೆ ಅವುಗಳ ಫಸಲಿನಿಂದ ತೆಗೆದಿಟ್ಟ ಬೀಜವನ್ನು ಮರುವರ್ಷ ಬಿತ್ತಿದರೆ ತಾಯಿಗಿಡದ ಗುಣಗಳು ಹಾಗೆಯೇ ಬರುವುದಿಲ್ಲ. ಆದುದರಿಂದ ರೈತರು ಪ್ರತಿ ವರ್ಷವೂ ಬೀಜ ಕೊಳ್ಳಬೇಕಾಗುತ್ತದೆ. ಬೀಜವು ಮನೆಯ ಮಡಕೆಯಿಂದ ಅಂಗಡಿಗೆ ಹೋದಾಗ, ಅದನ್ನು ಕಾಯುತ್ತಿದ್ದ ಮಹಿಳೆಯ ಅಧಿಕಾರವೂ ಮನೆಯಿಂದ ಹೊರಗೆ ಹೋಗುತ್ತದೆ. ಯಾವ ಬೆಳೆ ಬೆಳೆಯಬೇಕು, ಎಷ್ಟು ಬೀಜಕ್ಕಿಡಬೇಕು ಎಂದು ನಿರ್ಧರಿಸುತ್ತಿದ್ದವಳು ಕೇವಲ ಕೂಲಿಯಾಳಾಗುತ್ತಾಳೆ. ರಾಹಿಬಾಯಿಯವರ ಸಾಧನೆಯ ನಿಜವಾದ ಅರ್ಥವಿರುವುದು ಇಲ್ಲಿಯೇ.

ಬೀಜ ಕಾಪಿಡುವ ವಿಧಾನ

ಬೀಜಕ್ಕಾಗಿ ಗಿಡವನ್ನು ಬೆಳೆ ಹೊಲದಲ್ಲಿರುವಾಗಲೇ ಆರಿಸಬೇಕು. ಕೊಯ್ಲಾದ ರಾಶಿಯಿಂದ ಆರಿಸಿದರೆ ಗಿಡದ ಗುಣ ತಿಳಿಯುವುದಿಲ್ಲ. ರೋಗವಿಲ್ಲದ, ತುಂಬಿದ ತೆನೆ ಅಥವಾ ಕಾಯಿಗಳಿರುವ ಅನೇಕ ಗಿಡಗಳನ್ನು ಗುರುತಿಸಿ ದಾರ ಕಟ್ಟಿಡುವುದು ಒಳ್ಳೆಯದು. ಭತ್ತದಂತಹ ಬೆಳೆಗಳಲ್ಲಿ ಸ್ವಕೀಯ ಪರಾಗಸ್ಪರ್ಶವೇ ಹೆಚ್ಚಾದುದರಿಂದ ತಳಿ ಬೆರೆಯುವ ಭಯ ಕಡಿಮೆ. ಸೌತೆ, ಕುಂಬಳ, ಸಜ್ಜೆಗಳಲ್ಲಿ ಪರಕೀಯ ಪರಾಗಸ್ಪರ್ಶ ನಡೆಯುವುದರಿಂದ ಬೇರೆ ಬೇರೆ ತಳಿಗಳನ್ನು ದೂರ ದೂರ ಬೆಳೆಯಬೇಕು. ಪೂರ್ಣ ಬಲಿತ ಬೀಜವನ್ನು ಚೆನ್ನಾಗಿ ಒಣಗಿಸಿ, ಬೂದಿ ಬೆರೆಸಿ ಅಥವಾ ಒಣಗಿದ ಬೇವಿನೆಲೆಯೊಡನೆ ಮಡಕೆಯಲ್ಲಿ ತುಂಬಿ ಬಾಯಿ ಮುಚ್ಚಿಡುವುದು ನಮ್ಮ ಹಿರಿಯರ ರೂಢಿ. ತೇವ ಮತ್ತು ಹುಳುಗಳೇ ಬೀಜದ ಶತ್ರುಗಳಾದುದರಿಂದ ಈ ರೂಢಿಗೆ ವೈಜ್ಞಾನಿಕ ಆಧಾರವೂ ಇದೆ.

ಕಾನೂನಿನ ರಕ್ಷಣೆ

ಸಸ್ಯ ತಳಿಗಳ ಸಂರಕ್ಷಣೆ ಮತ್ತು ರೈತರ ಹಕ್ಕುಗಳ ಅಧಿನಿಯಮವನ್ನು 2001ರಲ್ಲಿ ಸಂಸತ್ತು ಅಂಗೀಕರಿಸಿತು. ಇದರ 39ನೇ ಪ್ರಕರಣದಂತೆ, ನೋಂದಾಯಿತ ತಳಿಯಾದರೂ ಸರಿ, ತಾನು ಬೆಳೆದ ಬೀಜವನ್ನು ಉಳಿಸಿಕೊಳ್ಳುವ, ಮತ್ತೆ ಬಿತ್ತುವ, ವಿನಿಮಯ ಮಾಡುವ, ಹಂಚುವ ಮತ್ತು ಮಾರುವ ಹಕ್ಕು ರೈತರಿಗಿದೆ. ಆದರೆ ಸಂರಕ್ಷಿತ ತಳಿಯ ಬೀಜವನ್ನು ಬ್ರ್ಯಾಂಡ್ ಹೆಸರಿನಲ್ಲಿ ಮಾರುವಂತಿಲ್ಲ. ರೈತರು ತಮ್ಮ ತಳಿಯನ್ನು ಶುಲ್ಕವಿಲ್ಲದೆ ನೋಂದಾಯಿಸಲೂಬಹುದು. ಇದಕ್ಕಾಗಿ ರಚಿತವಾದ ಪ್ರಾಧಿಕಾರದ ಕೇಂದ್ರ ಕಚೇರಿ ನವದೆಹಲಿಯಲ್ಲಿದೆ. ತಳಿ ಸಂರಕ್ಷಿಸಿದ ರೈತರಿಗೂ ರೈತ ಸಮುದಾಯಗಳಿಗೂ ಪ್ರಾಧಿಕಾರವು ಪ್ರಶಸ್ತಿಗಳನ್ನು ನೀಡುತ್ತದೆ. ನೋಂದಣಿಯ ಬಗ್ಗೆ ಸಮೀಪದ ಕೃಷಿ ವಿಜ್ಞಾನ ಕೇಂದ್ರವನ್ನು ವಿಚಾರಿಸಬಹುದು.

ನಾವು ಮಾಡಬಹುದಾದುದು

ಮುಂಬಯಿ, ಪುಣೆ, ಚೆನ್ನೈ, ಹೈದರಾಬಾದ್, ದೆಹಲಿಗಳಲ್ಲಿ ನೆಲೆಸಿರುವ ಅನೇಕ ಕನ್ನಡಿಗರಿಗೆ ಊರಿನ ಹೊಲಮನೆಗಳ ನಂಟು ಇನ್ನೂ ಇದೆ. ಮುಂದಿನ ಸಲ ಊರಿಗೆ ಹೋದಾಗ ಮನೆಯ ಹಿರಿಯ ಹೆಣ್ಣುಮಕ್ಕಳು ಯಾವ ಯಾವ ಬೀಜ ಇಟ್ಟುಕೊಂಡಿದ್ದಾರೆಂದು ವಿಚಾರಿಸಿರಿ. ತಳಿಯ ಹೆಸರು, ಬಿತ್ತುವ ಕಾಲ, ಅದರ ವಿಶೇಷ ಗುಣ, ಕಾಪಿಟ್ಟವರ ಹೆಸರು ಇವುಗಳನ್ನು ಬರೆದಿಟ್ಟುಕೊಳ್ಳಿರಿ. ಬೀಜವನ್ನು ಪೆಟ್ಟಿಗೆಯಲ್ಲಿಟ್ಟ ಮಾತ್ರಕ್ಕೆ ಅದು ಉಳಿಯುವುದಿಲ್ಲ. ಕಾಲಕಾಲಕ್ಕೆ ಬಿತ್ತಿ ಬೆಳೆದರೆ ಮಾತ್ರ ಅದರ ಜೀವಶಕ್ತಿ ಮುಂದುವರಿಯುತ್ತದೆ. ಅದನ್ನು ಬಲ್ಲವರ ತಿಳಿವಳಿಕೆಯೂ ಹಾಗೆಯೇ, ಕೇಳಿ ಕಲಿಯುವವರಿದ್ದರೆ ಮಾತ್ರ ಮುಂದಿನ ತಲೆಮಾರಿಗೆ ತಲುಪುತ್ತದೆ.