ವಿದೇಶ ವ್ಯಾಸಂಗ ಮತ್ತು ಆರೋಗ್ಯ ವಿಮೆ: ಪೋಷಕರು ಅರಿಯಬೇಕಾದ ಲೆಕ್ಕ

ಮಕ್ಕಳನ್ನು ಉನ್ನತ ವ್ಯಾಸಂಗಕ್ಕಾಗಿ ವಿದೇಶಕ್ಕೆ ಕಳುಹಿಸುವ ವರ್ತಕರು ಹಾಗೂ ಸಣ್ಣ ಉದ್ಯಮಿಗಳು ಬೋಧನಾ ಶುಲ್ಕ, ವಸತಿ, ವಿಮಾನ ದರಗಳನ್ನು ಪೈಸೆ ಬಿಡದೆ ಲೆಕ್ಕ ಹಾಕುತ್ತಾರೆ. ಆರೋಗ್ಯ ವಿಮೆಯನ್ನು ಮಾತ್ರ ಟಿಕೆಟ್ಟಿನೊಡನೆ ಕೊಳ್ಳುವ ಚಿಲ್ಲರೆ ಬಾಬ್ತೆಂದು ಭಾವಿಸುವುದುಂಟು. ವಾಸ್ತವದಲ್ಲಿ ಅನೇಕ ದೇಶಗಳಲ್ಲಿ ಇದು ವೀಸಾ ಅಥವಾ ಪ್ರವೇಶದ ಷರತ್ತೇ ಆಗಿದೆ.

ಬ್ರಿಟನ್ನಿನಲ್ಲಿ ಇದು ವಿಮೆಯಲ್ಲ, ಸರ್ಕಾರ ವಿಧಿಸುವ ಆರೋಗ್ಯ ಅಧಿಭಾರ. 2015ರಲ್ಲಿ ವಿದ್ಯಾರ್ಥಿಗಳಿಗೆ ವರ್ಷಕ್ಕೆ 150 ಪೌಂಡ್‌ಗಳಿಂದ ಆರಂಭವಾದ ಇದು, 2024ರ ಫೆಬ್ರವರಿ 6ರಂದು 470ರಿಂದ 776 ಪೌಂಡ್‌ಗಳಿಗೆ ಏರಿತು. ವೀಸಾದ ಇಡೀ ಅವಧಿಯ ಮೊಬಲಗನ್ನು ಅರ್ಜಿಯೊಡನೆಯೇ ಕಟ್ಟಬೇಕು. ವರ್ಷಕ್ಕೆ ಮೇಲ್ಪಟ್ಟು ಉಳಿಯುವ ತಿಂಗಳುಗಳು ಆರಕ್ಕೆ ಮೀರದಿದ್ದರೆ ಅರ್ಧ ದರ, ಮೀರಿದರೆ ಪೂರ್ಣ ದರ. ಒಂದು ವರ್ಷದ ಸ್ನಾತಕೋತ್ತರ ಪದವಿಗೂ ವೀಸಾ ಕೆಲವು ತಿಂಗಳು ಹೆಚ್ಚಿಗೆ ದೊರೆಯುವುದರಿಂದ, ಸಾಮಾನ್ಯವಾಗಿ 776ರ ಬದಲು 1,164 ಪೌಂಡ್ ಬೇಕಾಗುತ್ತದೆ. ವೀಸಾ ನಿರಾಕರಣೆಯಾದರೆ ಹಣ ಹಿಂದಿರುಗುತ್ತದೆ. ಕನ್ನಡಕ, ದಂತ ಚಿಕಿತ್ಸೆಗಳ ಖರ್ಚು ಪ್ರತ್ಯೇಕ.

ಜರ್ಮನಿಯಲ್ಲಿ ವಿಮೆಯ ದೃಢೀಕರಣವಿಲ್ಲದೆ ವಿಶ್ವವಿದ್ಯಾಲಯದಲ್ಲಿ ನೋಂದಣಿಯಾಗದು. 30 ವರ್ಷದೊಳಗಿನವರಿಗೆ ಸಾರ್ವಜನಿಕ ವಿಮೆಯಲ್ಲಿ ವಿದ್ಯಾರ್ಥಿ ದರವಿದೆ. ಖಾಸಗಿ ವಿಮೆ ಅಗ್ಗವೆಂದು ಏಜೆಂಟರು ಹೇಳುವುದುಂಟು. ಆದರೆ ಅದನ್ನು ಆಯ್ದು ಸಾರ್ವಜನಿಕ ವಿಮೆಯಿಂದ ವಿನಾಯಿತಿ ಪಡೆದ ವಿದ್ಯಾರ್ಥಿಯು ವ್ಯಾಸಂಗ ಮುಗಿಯುವವರೆಗೆ ವಿದ್ಯಾರ್ಥಿ ದರಕ್ಕೆ ಮರಳಲಾರನು. ಮೊದಲ ವರ್ಷದ ಉಳಿತಾಯಕ್ಕೆ ಮರುಳಾಗಿ ಸಹಿ ಮಾಡುವುದು ವಿವೇಕವಲ್ಲ.

ಅಮೆರಿಕದ ರೀತಿ ಬೇರೆ. ಎಫ್-1 ವೀಸಾದವರಿಗೆ ಕೇಂದ್ರ ಸರ್ಕಾರದ ಕಡ್ಡಾಯವಿಲ್ಲ. ನಿಯಮ ಮಾಡುವುದು ವಿಶ್ವವಿದ್ಯಾಲಯ. ಬಹಳಷ್ಟು ಕಡೆ ವಿಮಾ ಕಂತು ಶುಲ್ಕದ ಬಿಲ್ಲಿನಲ್ಲೇ ಸೇರಿ ಬರುತ್ತದೆ. ಭಾರತದಲ್ಲಿ ಕೊಂಡ ಪಾಲಿಸಿಯನ್ನು ತೋರಿಸಿ ಅದರಿಂದ ವಿನಾಯಿತಿ ಕೇಳಬಹುದಾದರೂ, ಮೊದಲೇ ಇದ್ದ ಕಾಯಿಲೆ, ಮಾನಸಿಕ ಚಿಕಿತ್ಸೆ ಮುಂತಾದವು ಹೊರತಾಗಿದ್ದರೆ ಅರ್ಜಿ ತಿರಸ್ಕೃತವಾಗಿ ಎರಡು ಕಂತು ಕಟ್ಟಿದಂತಾಗುತ್ತದೆ. ಆದಕಾರಣ ವಿಶ್ವವಿದ್ಯಾಲಯದ ಷರತ್ತುಗಳನ್ನು ಓದಿದ ನಂತರವೇ ಇಲ್ಲಿ ಪಾಲಿಸಿ ಕೊಳ್ಳತಕ್ಕದ್ದು. ಜೆ-1 ವೀಸಾಕ್ಕೆ ಮಾತ್ರ ಸರ್ಕಾರವೇ ಕನಿಷ್ಠ ರಕ್ಷಣೆಯನ್ನು ನಿಗದಿಪಡಿಸಿದೆ: ಪ್ರತಿ ಅಪಘಾತ ಅಥವಾ ಕಾಯಿಲೆಗೆ 1,00,000 ಡಾಲರ್.

ಇನ್ನು ಇಲ್ಲಿನ ಲೆಕ್ಕಪತ್ರ. ಮಕ್ಕಳ ವಿಮಾ ಕಂತನ್ನು ಅಂಗಡಿಯ ಖರ್ಚಿನಲ್ಲಿ ತೋರಿಸುವ ರೂಢಿ ಕೆಲವರಲ್ಲಿದೆ. ಅದು ವ್ಯಾಪಾರದ ವೆಚ್ಚವಲ್ಲ, ಮಾಲೀಕರ ಸ್ವಂತ ಡ್ರಾಯಿಂಗ್ಸ್; ತೆರಿಗೆ ನಿರ್ಧರಣೆಯ ವೇಳೆ ಅಧಿಕಾರಿಗಳು ಅದನ್ನು ತಳ್ಳಿಹಾಕುವುದು ಖಚಿತ. ಬ್ರಿಟನ್ನಿನ ಅಧಿಭಾರವು ವಿಮಾ ಕಂತೇ ಅಲ್ಲದ ಕಾರಣ ಆರೋಗ್ಯ ವಿಮೆಯ ತೆರಿಗೆ ಕಡಿತಕ್ಕೂ ಅರ್ಹವಲ್ಲ.

ಹಣ ರವಾನೆಗೆ ರಿಸರ್ವ್ ಬ್ಯಾಂಕಿನ ಉದಾರೀಕೃತ ರವಾನೆ ಯೋಜನೆಯಡಿ ಪ್ರತಿ ವ್ಯಕ್ತಿಗೆ ಆರ್ಥಿಕ ವರ್ಷಕ್ಕೆ 2,50,000 ಡಾಲರ್ ಮಿತಿಯಿದೆ. 2025ರ ಏಪ್ರಿಲ್ 1ರಿಂದ 10 ಲಕ್ಷ ರೂಪಾಯಿ ಮೀರಿದ ಭಾಗಕ್ಕೆ ಮಾತ್ರ ಮೂಲದಲ್ಲಿ ತೆರಿಗೆ ಸಂಗ್ರಹವಾಗುತ್ತದೆ. ಅಂಗೀಕೃತ ಹಣಕಾಸು ಸಂಸ್ಥೆಯ ಶಿಕ್ಷಣ ಸಾಲದಿಂದ ಕಳುಹಿಸಿದ ಹಣಕ್ಕೆ ಅದೂ ಇಲ್ಲ. ಹೀಗೆ ಸಂಗ್ರಹವಾದ ತೆರಿಗೆ ನಷ್ಟವಲ್ಲ. ರವಾನೆ ಮಾಡಿದವರ ರಿಟರ್ನಿನಲ್ಲಿ ಹೊಂದಾಣಿಕೆಯಾಗುತ್ತದೆ. ಆದರೆ ಈ ಯೋಜನೆ ವ್ಯಕ್ತಿಗಳಿಗೆ ಮಾತ್ರ. ಪಾಲುದಾರಿಕೆ ಸಂಸ್ಥೆ, ಕಂಪನಿ ಅಥವಾ ಹಿಂದೂ ಅವಿಭಕ್ತ ಕುಟುಂಬದ ಖಾತೆಯಿಂದ ಇದರಡಿ ಹಣ ಕಳುಹಿಸಲಾಗದು. ಮೊದಲು ಸ್ವಂತ ಖಾತೆಗೆ ವರ್ಗಾಯಿಸಿಕೊಂಡು, ಅಲ್ಲಿಂದಲೇ ರವಾನಿಸತಕ್ಕದ್ದು.